ಆಚೆ ದಂಡೆಗೆ ಹಗ್ಗದ ದಾರಿ: ಹುಬ್ಬಳ್ಳಿಯಿಂದ ಗುವಾಹಟಿಗೆ

ಬುಧವಾರ ರಾತ್ರಿ, ಹುಬ್ಬಳ್ಳಿ

ಅಕ್ಕನ ಮಗ ಗುವಾಹಟಿ ಐಐಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಲ್ಯಾಬ್ ಕೆಲಸ ಬಿಟ್ಟು ಬರೋಕೆ ಆಗಲ್ಲ ಅಂತ ದೀಪಾವಳಿಗೂ ಬರಲಿಲ್ಲ, ಸಂಕ್ರಮಣಕ್ಕೂ ಬರಲಿಲ್ಲ. "ಅವ ಬರಾಂಗಿಲ್ಲ ಅಂದ್ರ ನಾವ ಹೋಗೂಣು ನಡೀರಿ" ಅಂದಳು ಅವ್ವ. ಹಾಗೆ 2024ರ ಸಂಕ್ರಮಣ ಮುಗಿದ ವಾರ ಹೊರಟೆವು. ನಾನು, ಹೆಂಡತಿ, ಅವ್ವ, ಕಾಕಾ.

ಕಾಕಾ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟರ್ ಆಗಿದ್ದು ನಿವೃತ್ತರಾದವರು. ನಮ್ಮ ಮೂಲ ಊರು ಮುಂಡರಗಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ. ಅವರು ಸಣ್ಣವರಿದ್ದಾಗ ಹೊಳೆಯಾಚೆ ಹಡಗಲಿ ಕಡೆಯ ನೆಂಟರ ಮನೆಗೆ ಹೋಗಬೇಕೆಂದರೆ ಹರಿಗೋಲೇ ಗತಿ. ಹೊಳೆ ತುಂಬಿದರೆ ಮದುವೆ ಮಾತುಕತೆಯೂ ಮುಂದಕ್ಕೆ ಹೋಗುತ್ತಿತ್ತಂತೆ. ಗುವಾಹಟಿಯಲ್ಲಿ ಬ್ರಹ್ಮಪುತ್ರ ನದಿಯ ಮೇಲೆ ಹಗ್ಗ ಕಟ್ಟಿ, ಅದಕ್ಕೆ ತೂಗುಬಿಟ್ಟ ಕ್ಯಾಬಿನ್‌ನಲ್ಲಿ ಜನರನ್ನು ದಾಟಿಸುತ್ತಾರೆ, ಅದಕ್ಕೆ ರೋಪ್‌ವೇ ಅಂತಾರೆ ಅಂತ ಮೊಮ್ಮಗ ಫೋನಿನಲ್ಲಿ ಹೇಳಿದ ದಿನದಿಂದ ಅವರಿಗೆ ಅದೇ ಧ್ಯಾನ. ಕಾಮಾಖ್ಯ ನೋಡಬೇಕು, ಟೀ ತೋಟ ನೋಡಬೇಕು ಅಂತ ನಾವು ಪಟ್ಟಿ ಮಾಡುತ್ತಿದ್ದರೆ, "ಮೊದಲ ಆ ಹಗ್ಗ" ಅನ್ನೋರು.

ಹೊರಡುವ ಹೊತ್ತಿಗೆ ಅವ್ವನಿಗೆ ನಳದ ಚಿಂತೆ. ನಮ್ಮ ಓಣಿಗೆ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ. ಸವದತ್ತಿಯ ರೇಣುಕಾ ಸಾಗರದಿಂದ ಮಲಪ್ರಭೆಯ ನೀರು ಇಷ್ಟು ದೂರ ಬರಬೇಕು. ಮನೆಯಲ್ಲಿ ಯಾರೂ ಇಲ್ಲದಾಗಲೇ ನಳ ಬಂದುಬಿಟ್ಟರೆ ಗತಿ ಏನು? ಬಾಜೂ ಮನೆಯವರ ಕೈಗೆ ಕೀಲಿ ಕೊಟ್ಟು, ಟಾಕಿ ತುಂಬಿಸಲು ಹೇಳಿ, ಮತ್ತೆ ಎರಡು ಸಲ ನೆನಪಿಸಿ, ಆಮೇಲೆ ಆಟೋ ಹತ್ತಿದಳು.

ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ಗೆ ಕಾಯುತ್ತ ನಿಂತಿದ್ದೆವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಇಲ್ಲಿನ ಪ್ಲಾಟ್‌ಫಾರಂ 1507 ಮೀಟರ್ ಉದ್ದ. ಅದಕ್ಕೂ ಮುಂಚೆ ಜಗತ್ತಿನಲ್ಲೇ ಉದ್ದದ್ದು ಅಂದರೆ ಗೋರಖ್‌ಪುರದ 1366 ಮೀಟರ್‌ನ ಪ್ಲಾಟ್‌ಫಾರಂ. ಕಾಕಾ ಇದನ್ನು ಈ ತುದಿಯಿಂದ ಆ ತುದಿವರೆಗೆ ನಡೆದು ನೋಡಿದವರು. ರೋಪ್‌ವೇ ಎಷ್ಟು ಉದ್ದ ಅಂತ ನನ್ನ ಹೆಂಡತಿಯನ್ನು ಕೇಳಿದರು. ಆಕೆ ಫೋನಿನಲ್ಲಿ ನೋಡಿ, "1820 ಮೀಟರ್ ರೀ ಕಾಕಾ" ಅಂದಳು. ಕಾಕಾ ಪ್ಲಾಟ್‌ಫಾರಂನ ಕೊನೆಯ ದೀಪದ ಕಡೆ ನೋಡಿದರು. "ಅಂದ್ರ ಇದನ್ನೂ ದಾಟಿ ಇನ್ನೂ ಮುನ್ನೂರು ಮೀಟರ್. ಕೆಳಗ ಬರೇ ನೀರು."

ಗುರುವಾರ

ಬೆಂಗಳೂರಿನಿಂದ ಗುವಾಹಟಿಗೆ ವಿಮಾನದಲ್ಲಿ ಸುಮಾರು ಮೂರು ತಾಸು. ಇಳಿಯುವ ಮುಂಚೆ ಕಿಟಕಿಯಲ್ಲಿ ನದಿ ಕಂಡಿತು. ಜನವರಿಯಾದ್ದರಿಂದ ನೀರು ಕಡಿಮೆ. ಮರಳಿನ ದಿಬ್ಬಗಳ ನಡುವೆ ಹತ್ತಾರು ಕವಲಾಗಿ ಹರಿಯುತ್ತಿತ್ತು. ಎಲ್ಲಿಂದ ಎಲ್ಲಿಯವರೆಗೆ ನದಿ, ಎಲ್ಲಿ ನೆಲ ಶುರು ಅಂತ ಮೇಲಿಂದ ಹೇಳಲು ಆಗಲಿಲ್ಲ.

ಗುವಾಹಟಿ ಹತ್ತಿರ ಬಂದಾಗ ಮಾತ್ರ ಎರಡೂ ಕಡೆ ಗುಡ್ಡಗಳು ನದಿಯನ್ನು ಒತ್ತಿ ಹಿಡಿಯುತ್ತವೆ. ಇಲ್ಲಿ ಅಗಲ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಬೇರೆ ಕಡೆ ಹತ್ತು ಕಿಲೋಮೀಟರ್ ಹರಡಿಕೊಳ್ಳುವ ನದಿ ಇದು. 1671ರಲ್ಲಿ ಅಸ್ಸಾಂ ಆಳುತ್ತಿದ್ದ ಅಹೋಂ ಅರಸರ ಸೇನಾಪತಿ ಲಚಿತ್ ಬರ್ಫುಕನ್ ಮೊಘಲರ ದೊಡ್ಡ ಹಡಗುಗಳನ್ನು ಸಣ್ಣ ದೋಣಿಗಳಿಂದ ಎದುರಿಸಿ ಗೆದ್ದ ಸರಾಯ್‌ಘಾಟ್ ಯುದ್ಧ ನಡೆದದ್ದು ಈ ಇಕ್ಕಟ್ಟಿನಲ್ಲೇ. ಅಸ್ಸಾಂನಲ್ಲಿ ಬ್ರಹ್ಮಪುತ್ರಕ್ಕೆ ಮೊದಲ ಸೇತುವೆ ಕಟ್ಟಿದ್ದೂ ಇಲ್ಲೇ. ಹಗ್ಗ ಎಳೆದದ್ದೂ ಇಲ್ಲೇ.

ಪಾನ್‌ಬಜಾರ್ ಹತ್ತಿರ ಒಂದು ಹೋಟೆಲ್ ಹಿಡಿದೆವು. ಬ್ಯಾಗ್ ಇಟ್ಟು ಹೊರಗೆ ಬರುವಷ್ಟರಲ್ಲಿ ಕತ್ತಲಾಗಿಬಿಟ್ಟಿತ್ತು. ಗಡಿಯಾರ ನೋಡಿದರೆ ಐದೂವರೆ! ಜನವರಿಯಲ್ಲಿ ಇಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಕಡೆ ಆರೂಕಾಲಿನ ಮೇಲೆ. ರೋಪ್‌ವೇಯಲ್ಲಿ ಹಗಲು ಬೆಳಕು ಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಅವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ತಿಂದು ಮಲಗಿದೆವು.

ಶುಕ್ರವಾರ

ಐಐಟಿ ಇರುವುದು ನದಿಯ ಉತ್ತರ ದಂಡೆಯಲ್ಲಿ. ನಾವು ಇಳಿದುಕೊಂಡದ್ದು ದಕ್ಷಿಣ ದಂಡೆಯಲ್ಲಿ. ಹೋಟೆಲ್ ಮಹಡಿಯಿಂದ ಆಚೆ ದಂಡೆಯ ಗುಡ್ಡ ನೇರ ಎದುರಿಗೆ ಕಾಣುತ್ತದೆ. ಆದರೆ ಆಗ ಕಾರಿನಲ್ಲಿ ಹೋಗಬೇಕೆಂದರೆ ಮೊದಲು ಪಶ್ಚಿಮಕ್ಕೆ ಊರಿನ ಟ್ರಾಫಿಕ್ ಎಲ್ಲ ದಾಟಿ ಸರಾಯ್‌ಘಾಟ್ ಸೇತುವೆಗೆ ಹೋಗಬೇಕಿತ್ತು, ದಾಟಿ, ಆಮೇಲೆ ಆ ಕಡೆ ಸುತ್ತಬೇಕಿತ್ತು. ಒಂದು ತಾಸಿನ ಮೇಲೆಯೇ ಹಿಡಿಯಿತು.

ಸರಾಯ್‌ಘಾಟ್ ಸೇತುವೆ ಕೆಳಗೆ ರೈಲು, ಮೇಲೆ ರಸ್ತೆ. 1962ರಲ್ಲಿ ಮೊದಲ ಸಲ ಇದರ ಮೇಲೆ ರೈಲು ಓಡಿತು. ಅದೇ ವರ್ಷ ನಮ್ಮಲ್ಲಿ ಹುಬ್ಬಳ್ಳಿ, ಧಾರವಾಡ ಎರಡನ್ನೂ ಕೂಡಿಸಿ ಒಂದು ಮಹಾನಗರ ಪಾಲಿಕೆ ಮಾಡಿದರು. ನಮ್ಮ ಎರಡು ಊರಿನ ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ ಇದೆ, ಚಿಗರಿ ಬಸ್ ಇದೆ. ಮುಂಜಾನೆ ಧಾರವಾಡದಲ್ಲಿ ಚಹಾ ಕುಡಿದು ಹುಬ್ಬಳ್ಳಿಗೆ ಕೆಲಸಕ್ಕೆ ಬರುವವರು ಸಾವಿರಾರು ಜನ. ಗುವಾಹಟಿ ಮತ್ತು ಉತ್ತರ ಗುವಾಹಟಿ ನಮಗಿಂತ ಎಷ್ಟೋ ಹತ್ತಿರ. ಆದರೂ ನಡುವೆ ನೀರಿರುವುದರಿಂದ ಎಷ್ಟು ದೂರವಾಗಿಬಿಟ್ಟಿವೆ ಅನ್ನುವುದು ಆ ಕಾರಿನಲ್ಲಿ ಕೂತಾಗಲೇ ನನಗೆ ತಿಳಿದದ್ದು.

ಕಾಕಾ ಸೇತುವೆ ಮೇಲೆ ರೈಲು ಬರುತ್ತಾ ಅಂತ ಕಿವಿಗೊಟ್ಟು ಕೂತಿದ್ದರು. ಬಂತು. ಕೆಳಗಿನಿಂದ ಸದ್ದು ಕೇಳಿ, "ಗೂಡ್ಸ್" ಅಂದರು.

ಅಳಿಯ ಗೇಟಿನಲ್ಲಿ ನಿಂತಿದ್ದ. ತುಸು ಸೊರಗಿದ್ದಾನೆ. ಅವ್ವ ಮುಖ ಸವರಿ ನೋಡಿ, ಏನೂ ಮಾತಾಡದೆ ಚೀಲ ಬಿಚ್ಚಿದಳು. ಪೇಡೆ, ಕರದಂಟು, ಕುಸುರೆಳ್ಳು. ಐಐಟಿ ಆವರಣದಲ್ಲಿ ಕೆರೆಗಳು, ಗುಡ್ಡ, ಎಲ್ಲಿ ನೋಡಿದರೂ ಹಸಿರು. 1994ರಲ್ಲಿ ಶುರುವಾದ ಸಂಸ್ಥೆ. "ಮನಿ ಹತ್ರ ಧಾರವಾಡದಾಗೂ ಐಐಟಿ ಆಗೈತಲ್ಲೋ, ಅಲ್ಲೇ ಓದಬೇಕಿತ್ತು" ಅಂದಳು ಅವ್ವ. ಧಾರವಾಡದ್ದು ಶುರುವಾದದ್ದು 2016ರಲ್ಲಿ, ಚಿಕ್ಕಮಲ್ಲಿಗವಾಡದ ಹೊಸ ಕ್ಯಾಂಪಸ್ ಉದ್ಘಾಟನೆ ಆದದ್ದು 2023ರಲ್ಲಿ. ತನ್ನ ವಿಷಯದ ಗೈಡ್ ಸಿಕ್ಕಿದ್ದು ಇಲ್ಲಿ ಅಂತ ಅವನು ತಾಳ್ಮೆಯಿಂದ ವಿವರಿಸಿದ. ಅವ್ವನಿಗೆ ಸಮಾಧಾನ ಆಗಲಿಲ್ಲ. ಆದರೆ ಅವನ ರೂಮು ಚೊಕ್ಕಟ ಇದ್ದದ್ದು ನೋಡಿ ಸುಮ್ಮನಾದಳು.

ಊಟ ಆದಮೇಲೆ ಅಳಿಯ ದೋಣಿಗಳ ಸುದ್ದಿ ಹೇಳಿದ. ಉತ್ತರ ದಂಡೆಯವರಿಗೆ ದೊಡ್ಡ ಆಸ್ಪತ್ರೆ, ಕೋರ್ಟು, ಕಾಲೇಜು, ಸಂತೆ ಎಲ್ಲ ಆಚೆ ದಂಡೆಯಲ್ಲಿ. ತಲೆಮಾರುಗಳಿಂದ ದೋಣಿಯಲ್ಲೇ ಓಡಾಟ. 2018ರ ಸೆಪ್ಟೆಂಬರ್‌ನಲ್ಲಿ, ನೀರು ಜೋರಿದ್ದಾಗ, ಒಂದು ಮೋಟಾರು ದೋಣಿ ಇಲ್ಲೇ ನಡುನೀರಿನಲ್ಲಿ ಮಗುಚಿತು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಕೆಲವರು ಬದುಕಿ ಬರಲಿಲ್ಲ.

ಕಾಕಾ ಇದನ್ನು ಕೇಳುವಾಗ ಕೈಯಲ್ಲಿದ್ದ ಎಲೆ ಅಡಿಕೆ ಹಾಗೇ ಹಿಡಿದುಕೊಂಡಿದ್ದರು. ಹರಿಗೋಲು ಬುಗುರಿಯಂತೆ ತಿರುಗಿದ ಒಂದು ಸಂಜೆ ಅವರಿಗೂ ಗೊತ್ತು. ಅದನ್ನು ಮನೆಯಲ್ಲಿ ಯಾವತ್ತೂ ಪೂರ್ತಿ ಹೇಳಿದವರಲ್ಲ. ಅವತ್ತೂ ಹೇಳಲಿಲ್ಲ.

"ನಾಳೆ ನೀವು ಕಾರಿನಲ್ಲಿ ಬರಬೇಡಿ. ಕಚಾರಿ ಘಾಟ್‌ನಿಂದ ರೋಪ್‌ವೇ ಹತ್ತಿ. ನಾನು ಈ ಕಡೆ ಇಳಿಯುವಲ್ಲಿ ನಿಂತಿರುತ್ತೇನೆ" ಅಂದ ಅಳಿಯ.

ಶನಿವಾರ

ಬೆಳಗ್ಗೆ ನೀಲಾಚಲ ಗುಡ್ಡ ಹತ್ತಿ ಕಾಮಾಖ್ಯ ದರ್ಶನ ಮಾಡಿದೆವು. ಈಗಿನ ಗುಡಿ 1565ರಲ್ಲಿ ಕೋಚ್ ಅರಸರು ಮತ್ತೆ ಕಟ್ಟಿಸಿದ್ದು. ಸರದಿ ಬಹಳ ಉದ್ದ. ಒಳಗೆ ಕತ್ತಲಲ್ಲಿ ಮೆಟ್ಟಿಲಿಳಿದು ಹೋಗಬೇಕು, ಮೂರ್ತಿ ಇಲ್ಲ, ಬಂಡೆಯಿಂದ ಒಸರುವ ನೀರು ಮುಟ್ಟಿ ಬರಬೇಕು. ಅವ್ವ ಆ ನೀರು ಕಣ್ಣಿಗೊತ್ತಿಕೊಂಡಳು. ಕಾಮಾಖ್ಯದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಹಗ್ಗದ ಮಾತಿಗೆ ಬರುತ್ತೇನೆ.

ಕಚಾರಿ ಘಾಟ್ ಊರಿನ ನಟ್ಟನಡುವೆ, ನದಿ ದಂಡೆಗೇ ಇದೆ. ರೋಪ್‌ವೇ ಶುರುವಾದದ್ದು 2020ರ ಆಗಸ್ಟ್ 24ಕ್ಕೆ, ಕೊರೊನಾ ಕಾಲದಲ್ಲೇ. ಕೆಲಸ ಶುರುವಾಗಿ, ನಿಂತು, ಮತ್ತೆ ಶುರುವಾಗಿ ಮುಗಿಯಲು ವರ್ಷಗಟ್ಟಲೆ ಹಿಡಿಯಿತು. ಖರ್ಚು ಸುಮಾರು 56 ಕೋಟಿ. ನದಿ ದಾಟುವ ರೋಪ್‌ವೇಗಳಲ್ಲಿ ದೇಶದಲ್ಲೇ ಉದ್ದದ್ದು ಎಂದು ಆಗ ಸುದ್ದಿಯಾಗಿತ್ತು. ಶುರುವಿನಲ್ಲಿ ಒಂದು ಕಡೆಗೆ 60 ರೂಪಾಯಿ, ಹೋಗಿಬರಲು 100 ರೂಪಾಯಿ ಇಟ್ಟಿದ್ದರು.

ಟಿಕೆಟ್ ಸಾಲಿನಲ್ಲಿ ಎರಡು ಥರದ ಜನ ಇದ್ದರು. ನಮ್ಮಂಥ ಪ್ರವಾಸಿಗಳು ಫೋನ್ ಎತ್ತಿ ಹಿಡಿದು ನಿಂತಿದ್ದರು. ಆಚೆ ದಂಡೆಯವರು ಕೈಚೀಲ ಹಿಡಿದು ನಿಂತಿದ್ದರು. ಪ್ರವಾಸಿಗಳಲ್ಲಿ ಬಹಳ ಮಂದಿ ಆಚೆ ಹೋಗಿ, ಅಲ್ಲೇ ಸಾಲಿನಲ್ಲಿ ನಿಂತು, ಬಂದ ದಾರಿಯಲ್ಲೇ ವಾಪಸ್ ಬರುತ್ತಾರೆ. ಇದು ನನಗೆ ಸರಿ ಕಾಣಲಿಲ್ಲ. ಜನ ಮನೆಗೆ ಹೋಗಲಿ ಅಂತ ಮಾಡಿದ ದಾರಿ ಇದು. ಆಚೆ ಏನಿದೆ ಅಂತ ನೋಡದೆ ವಾಪಸ್ ಬಂದರೆ ಅರ್ಧ ನೋಡಿದಂತೆಯೇ, ಅಲ್ವಾ?

ಕ್ಯಾಬಿನ್ ಬಂತು. ಮೂವತ್ತು ಜನ ಹಿಡಿಯುತ್ತದೆ, ಜೊತೆಗೆ ಒಬ್ಬ ಆಪರೇಟರ್. ಜನ ಇಳಿಯುತ್ತಿದ್ದಂತೆ ಕಾಕಾ ಒಳಗೆ ಹೋಗಲಿಲ್ಲ, ತಲೆಯೆತ್ತಿ ಮೇಲೆ ನೋಡುತ್ತ ನಿಂತುಬಿಟ್ಟರು. ಹಿಂದಿನವರು ಅವಸರ ಮಾಡಿದಾಗಷ್ಟೇ ಒಳಗೆ ಬಂದರು. ಬಂದವರೇ ನನಗೆ ಹೇಳತೊಡಗಿದರು: "ಎರಡು ದಪ್ಪ ಹಗ್ಗ ಐತಿ ನೋಡು, ಅವು ಅಲ್ಲಾಡಂಗಿಲ್ಲ. ಅವು ಹಳಿ. ಮ್ಯಾಲೆ ಗಾಲಿ ಉರುಳತಾವ. ಎಳಿಯೂದು ಇನ್ನೊಂದು ಹಗ್ಗ, ಅದು ಸಣ್ಣದು."

ಅವರು ಹೇಳಿದ್ದು ಸರಿ. ಭಾರ ಹೊರುವ ಹಗ್ಗ ಬೇರೆ, ಎಳೆಯುವ ಹಗ್ಗ ಬೇರೆ. ಇಲ್ಲಿರುವುದು ಎರಡೇ ಕ್ಯಾಬಿನ್. ಎರಡೂ ಒಂದೇ ಎಳೆಯುವ ಹಗ್ಗಕ್ಕೆ ಕಟ್ಟಿಕೊಂಡಿವೆ. ಈ ದಂಡೆಯದು ಹೊರಟ ಗಳಿಗೆಗೇ ಆ ದಂಡೆಯದೂ ಹೊರಡುತ್ತದೆ, ನಡುವೆ ಒಂದನ್ನೊಂದು ದಾಟುತ್ತವೆ, ಎರಡೂ ಒಟ್ಟಿಗೇ ಮುಟ್ಟುತ್ತವೆ. ಒಂದರ ಭಾರ ಇನ್ನೊಂದರ ಭಾರಕ್ಕೆ ಸರಿದೂಗುವುದರಿಂದ ಮೋಟರಿಗೆ ಹೊರೆ ಕಡಿಮೆ. ಈ ಕ್ಯಾಬಿನ್‌ನಲ್ಲಿ ಎಂಜಿನ್ ಇಲ್ಲ, ಚಕ್ರ ತಿರುಗಿಸುವ ಯಂತ್ರ ಎಲ್ಲ ನಿಲ್ದಾಣದಲ್ಲೇ ಇದೆ. ಹಾಗಾಗಿಯೇ ಒಳಗೆ ಸದ್ದಿಲ್ಲ.

ಬಾಗಿಲು ಮುಚ್ಚಿತು. ನಿಲ್ದಾಣದ ಸೂರು ಹಿಂದಕ್ಕೆ ಸರಿಯಿತು, ಕಾಲ ಕೆಳಗಿನ ನೆಲ ಮುಗಿಯಿತು. ಅವ್ವ ನನ್ನ ಹೆಂಡತಿಯ ಕೈ ಗಟ್ಟಿ ಹಿಡಿದಳು. ಸ್ವಲ್ಪ ಹೊತ್ತಿಗೆ ಬಿಟ್ಟಳು. ಗಾಜಿಗೆ ಹಣೆ ಹಚ್ಚಿ ಕೆಳಗೆ ನೋಡಿದಳು.

ನೀರಿನ ಬಣ್ಣ ಬೂದಿ ಮಿಶ್ರ ಹಸಿರು. ಮಳೆಗಾಲದಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದಂತೆ. ಮೇಲಿಂದ ನೋಡಿದರೆ ನದಿ ಒಂದೇ ಸಮ ಹರಿಯುತ್ತಿರಲಿಲ್ಲ. ಒಂದು ಕಡೆ ನುಣ್ಣಗೆ ಜಾರುತ್ತಿತ್ತು, ಅದರ ಪಕ್ಕದಲ್ಲೇ ಸುಳಿ ತಿರುಗುತ್ತಿತ್ತು, ಬಂಡೆಯ ಹತ್ತಿರ ನೊರೆ. ಒಂದು ದೋಣಿ ನೇರ ದಾಟದೆ ಓರೆಯಾಗಿ ಮೇಲ್ಮುಖಕ್ಕೆ ಮೂಗು ಹಾಕಿ ಹೋಗುತ್ತಿತ್ತು. ಸೆಳವು ಎಷ್ಟು ಕೆಳಗೆ ತಳ್ಳುತ್ತದೆ ಅನ್ನುವುದನ್ನು ದೋಣಿಯವನು ಮೊದಲೇ ಲೆಕ್ಕ ಹಾಕಿರುತ್ತಾನೆ. "ನಮ್ಮ ಹೊಳ್ಯಾಗೂ ಹಿಂಗ ಹಾಕತಿದ್ರು" ಅಂದರು ಕಾಕಾ.

ಎಡಗಡೆ, ನದಿ ಹರಿದು ಹೋಗುವ ದಿಕ್ಕಿನಲ್ಲಿ, ನಾವು ಬೆಳಗ್ಗೆ ಹತ್ತಿದ ನೀಲಾಚಲ ಗುಡ್ಡ. ಆ ಕಡೆಯೇ ಹೊಸ ಸೇತುವೆಯ ಕಂಬಗಳು ನೀರಿನಿಂದ ಎದ್ದು ನಿಂತಿದ್ದವು, ಕ್ರೇನ್‌ಗಳು ಕೆಲಸ ಮಾಡುತ್ತಿದ್ದವು. ಆರು ಪಥದ ಸೇತುವೆ ಅದು, ಗುವಾಹಟಿಯನ್ನು ಉತ್ತರ ಗುವಾಹಟಿಗೆ ನೇರ ಜೋಡಿಸುತ್ತದೆ. ಕೆಳಗೆ ಉಮಾನಂದ ದ್ವೀಪ, ಮರಗಳ ನಡುವೆ ಗುಡಿಯ ತುದಿ. ಬಲಗಡೆ ನೋಡಿದರೆ ಮಂಜಿನಲ್ಲಿ ನದಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಟಿಬೆಟ್‌ನಲ್ಲಿ ಹುಟ್ಟಿ, ಹಿಮಾಲಯವನ್ನು ಬಳಸಿ, ಅರುಣಾಚಲಕ್ಕೆ ಇಳಿದು ಇಲ್ಲಿಗೆ ಬಂದ ನೀರು. ನಮ್ಮ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತಾಳೆ. ಅಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ನೀರು. ಅಂಥ ಊರಿನಿಂದ ಬಂದವರಿಗೆ ಇದು ಕಣ್ಣಿಗೆ ಹಿಡಿಸಲಾರದಷ್ಟು ದೊಡ್ಡದು.

ಅವ್ವ ಮೆಲ್ಲಗೆ ಕೇಳಿದಳು: "ಇಷ್ಟ ನೀರು ದಿನಾ ಹೋಗತೈತೇನು?"

"ದಿನಾ ಹೋಗತೈತಿ ಅವ್ವ. ಈಗ ಕಡಿಮಿ ಐತಂತ."

ಅವಳು ಮತ್ತೆ ಮಾತಾಡಲಿಲ್ಲ. ನಳ ಬಂದ ದಿನ ಕೊನೆಯ ಕೊಡ ತುಂಬುವವರೆಗೂ ಕೂರದ ಹೆಂಗಸು ಅವಳು. ಐವತ್ತು ವರ್ಷದಿಂದ ನೀರನ್ನು ಕೊಡದ ಲೆಕ್ಕದಲ್ಲಿ ಅಳೆದವಳು.

ಮೂಲೆಯಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. ಹೆಗಲಿಗೆ ಬ್ಯಾಗು, ಕೈಯಲ್ಲಿ ಮಡಚಿದ ನೋಟ್‌ಬುಕ್. ಹೊರಗೆ ಒಮ್ಮೆಯೂ ನೋಡಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಪಾಠ ಬಾಯಿಪಾಠ ಮಾಡುತ್ತಿದ್ದಳು. ಬೆರಳನ್ನು ಸಾಲಿನ ಕೆಳಗೆ ಓಡಿಸಿ, ಕಣ್ಣು ಮುಚ್ಚಿ ಹೇಳಿಕೊಂಡು, ಮತ್ತೆ ತೆರೆದು ಸರಿ ಇದೆಯಾ ಅಂತ ನೋಡುತ್ತಿದ್ದಳು. ಚಿಗರಿ ಬಸ್ಸಿನಲ್ಲಿ ಕರ್ನಾಟಕ ಕಾಲೇಜಿಗೆ ಹೋಗುವ ಮಕ್ಕಳು ಪರೀಕ್ಷೆ ದಿನ ಹೀಗೇ ಮಾಡುತ್ತಾರೆ. ಅವಳನ್ನು ನೋಡಿದಾಗ ನನಗೆ ಬಹಳ ಸಂತೋಷವಾಯಿತು. ನದಿ ದಾಟುವುದು ಅವಳಿಗೆ ಭಯದ ಕೆಲಸವಲ್ಲ. ಅವಳ ತಾಯಿ ಸಂಜೆ ದಂಡೆಯಲ್ಲಿ ನಿಂತು ದೋಣಿ ಎಣಿಸಬೇಕಾಗಿಲ್ಲ.

ನಡುವೆ ಇನ್ನೊಂದು ಕ್ಯಾಬಿನ್ ಎದುರಾಯಿತು. ಎರಡೂ ಕಡೆಯ ಪ್ರವಾಸಿಗಳು ಕೈ ಬೀಸಿದರು. ಕಾಕಾ ಕೈ ಬೀಸಲಿಲ್ಲ, ಆ ಕ್ಯಾಬಿನ್‌ನ ನೆತ್ತಿಯ ಗಾಲಿಗಳನ್ನು ನೋಡುತ್ತಿದ್ದರು. ತಮ್ಮ ಕ್ಯಾಬಿನ್‌ನ ಗಾಲಿ ಒಳಗಿನಿಂದ ಕಾಣುವುದಿಲ್ಲ, ಎದುರಿನದು ಮಾತ್ರ ಕಾಣುತ್ತದೆ. ಗೋಪುರದ ಮೇಲೆ ಹಾಯುವಾಗ ಕ್ಯಾಬಿನ್ ಒಂದು ಸಲ ತೂಗಿತು. ಹಗ್ಗದ ಇಳಿಜಾರು ಅಲ್ಲಿ ಬದಲಾಗುತ್ತದೆ. ಒಂದಿಬ್ಬರು ಕೂಗಿದರು. ಕಾಕಾ ಕಿಟಕಿಯ ಚೌಕಟ್ಟಿಗೆ ಅಂಗೈ ಒತ್ತಿ ಹಿಡಿದಿದ್ದರು. ವರ್ಕ್‌ಶಾಪ್‌ನಲ್ಲಿ ಬೇರಿಂಗ್ ಸರಿ ಇದೆಯೋ ಇಲ್ಲವೋ ಅಂತ ನೋಡುವುದೂ ಹೀಗೇ ಅಂತ ಆಮೇಲೆ ಹೇಳಿದರು. ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದಂತೆ. "ಚಲೋ ಇಟ್ಟಾರ" ಅಂತ ತೀರ್ಪು ಕೊಟ್ಟರು.

ಎಂಟು ನಿಮಿಷಕ್ಕೆ ಉತ್ತರ ದಂಡೆ. ನಿನ್ನೆ ತಾಸುಗಟ್ಟಲೆ ಹಾರ್ನ್ ಕೇಳಿಕೊಂಡು ಬಂದ ದಾರಿ. ಅಳಿಯ ಕೆಳಗೆ ನಗುತ್ತ ನಿಂತಿದ್ದ.

ನಿಲ್ದಾಣದ ಹತ್ತಿರವೇ ದೋಲ್ ಗೋವಿಂದ ಗುಡಿ, ಚಂದ್ರಭಾರತಿ ಗುಡ್ಡದ ಬುಡಕ್ಕೆ. ಕೃಷ್ಣನ ಗುಡಿ. ಇಲ್ಲಿ ಹೋಳಿಯನ್ನು ಐದು ದಿನ ಆಡುತ್ತಾರೆ. ಕಾಮಾಖ್ಯದ ನೂಕುನುಗ್ಗಲು ಇಲ್ಲಿಲ್ಲ. ಕಲ್ಲಿನ ನೆಲದ ಮೇಲೆ ಕೂತು ಬೇಕಾದಷ್ಟು ಹೊತ್ತು ಇರಬಹುದು. ಗುಡಿ ಮುಗಿಸಿ ಓಣಿಯಲ್ಲಿ ನಡೆದೆವು. ತಗಡಿನ ಮನೆಗಳು, ಅಂಗಳದಲ್ಲಿ ಅಡಿಕೆ ಮರ, ಬಾಗಿಲಲ್ಲಿ ಮಗ್ಗ. ಬಯಲಿನಲ್ಲಿ ಅರ್ಧ ಸುಟ್ಟ ಬಿದಿರು, ಬೂದಿ ಬಿದ್ದಿತ್ತು. ಅದು ಮಾಘ್ ಬಿಹುವಿನ ಮೇಜಿ ಅಂತ ಅಳಿಯ ಹೇಳಿದ. ನಮ್ಮ ಸಂಕ್ರಮಣದ ಹೊತ್ತಿಗೇ ಇವರ ಸುಗ್ಗಿಯ ಹಬ್ಬ. ಹಿಂದಿನ ರಾತ್ರಿ ಒಟ್ಟಿಗೆ ಉಂಡು, ಬೆಳಗಿನ ಜಾವ ಬೆಂಕಿ ಹಚ್ಚುತ್ತಾರೆ.

ಒಂದು ಮನೆಯ ಕಟ್ಟೆಯ ಮೇಲೆ ಅವ್ವನ ವಯಸ್ಸಿನ ಅಜ್ಜಿ ಕೂತಿದ್ದರು. ನಮ್ಮ ಜೊತೆಯೇ ಕ್ಯಾಬಿನ್‌ನಲ್ಲಿ ಬಂದವರು, ಕೈಯಲ್ಲಿ ಆಸ್ಪತ್ರೆಯ ಎಕ್ಸ್-ರೇ ಲಕೋಟೆ ಇನ್ನೂ ಇತ್ತು. ಗುರುತು ಹಿಡಿದು ನಕ್ಕರು. ಅವ್ವ ನೆಟ್ಟಗೆ ಹೋಗಿ ಅವರ ಪಕ್ಕ ಕೂತಳು. ಚೀಲದಿಂದ ಕುಸುರೆಳ್ಳಿನ ಪೊಟ್ಟಣ ತೆಗೆದು ಅವರ ಕೈಗೆ ಹಾಕಿ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು" ಅಂದಳು. ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ! ಆ ಅಜ್ಜಿ ಒಂದು ಕಾಳು ಬಾಯಿಗೆ ಹಾಕಿ, ಕಚ್ಚಿ, ಒಳಗಿನ ಎಳ್ಳು ಸಿಕ್ಕ ತಕ್ಷಣ ಕಣ್ಣರಳಿಸಿದರು. ಎದ್ದು ಒಳಗೆ ಹೋಗಿ ಒಂದು ಡಬ್ಬಿ ತಂದರು. ಕಪ್ಪು ಎಳ್ಳು, ಬೆಲ್ಲದ ಉಂಡೆ. ಇವರ ಹಬ್ಬದ ಲಾರು. ಅವ್ವ ಮುರಿದು ಬೆಲ್ಲದ ಪಾಕ ನೋಡಿದಳು. ಗಟ್ಟಿ ಪಾಕ, ಆದರೆ ಹಲ್ಲಿಗೆ ಹತ್ತುತ್ತಿರಲಿಲ್ಲ. ಇದನ್ನು ಹೇಗೆ ಮಾಡುತ್ತಾರೆ ಅಂತ ಕೇಳು ಅಂತ ಅಳಿಯನಿಗೆ ಹೇಳಿದಳು. ಅವನ ಅಸ್ಸಾಮಿ ಭಾಷೆ ಸುಮಾರು ಅಷ್ಟೆ, ಆದರೂ ಕೈಸನ್ನೆಯಲ್ಲಿ ಎಲ್ಲ ಆಯಿತು.

ಕಾಕಾನಿಗೂ ಮರ್ಯಾದೆ ಸಿಕ್ಕಿತು. ಆ ಮನೆಯ ಹಿರಿಯರು ತಾಮೂಲ್ ಪಾನ್ ಕೊಟ್ಟರು, ಅಂದರೆ ಹಸಿ ಅಡಿಕೆ ಮತ್ತು ಎಲೆ. ಕಾಕಾ ತಮ್ಮ ಚಂಚಿಯಿಂದ ಸವಣೂರ ಎಲೆ ತೆಗೆದು ತಿರುಗಿ ಕೊಟ್ಟರು. ಮೂರು ದಿನ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು, ಇನ್ನೂ ಬಾಡಿರಲಿಲ್ಲ. ಹಸಿ ಅಡಿಕೆ ನಮ್ಮ ಒಣ ಅಡಿಕೆಯ ಹಾಗಲ್ಲ. ಜಗಿದ ಸ್ವಲ್ಪ ಹೊತ್ತಿಗೆ ಕಿವಿ ಬೆಚ್ಚಗಾಗಿ ಹಣೆಯಲ್ಲಿ ಬೆವರು ಬಂತು. ಚಳಿಗೆ ಒಳ್ಳೆಯದು ಅಂತ ಅವರು ನಕ್ಕರು.

ನಾಲ್ಕೂವರೆ ಹೊತ್ತಿಗೆ ವಾಪಸ್ ಹೊರಟೆವು. ಅಳಿಯ ಅಲ್ಲೇ ಉಳಿದ. ಈ ಸಲ ಸೂರ್ಯ ಬಲಗಡೆ, ಹೊಸ ಸೇತುವೆಯ ಕಂಬಗಳ ಹಿಂದೆ. ನದಿಯ ಅರ್ಧ ಭಾಗ ಕೆಂಪಾಗಿ, ಇನ್ನರ್ಧ ಆಗಲೇ ಕಪ್ಪಾಗಿತ್ತು. ಫೋಟೋ ತೆಗೆಯುವವರಿಗೆ ಇದೇ ಸರಿಯಾದ ಹೊತ್ತು.

ರವಿವಾರ

ಬೆಳಗ್ಗೆ ದೋಣಿಯಲ್ಲಿ ಉಮಾನಂದಕ್ಕೆ ಹೋದೆವು. ಮೆಟ್ಟಿಲು ಕಡಿದಾಗಿವೆ, ಅವ್ವ ಅಲ್ಲಲ್ಲಿ ಕೂತು ಕೂತು ಹತ್ತಿದಳು. 1694ರಲ್ಲಿ ಅಹೋಂ ಅರಸ ಗದಾಧರ ಸಿಂಹ ಕಟ್ಟಿಸಿದ ಶಿವನ ಗುಡಿ. 1897ರ ದೊಡ್ಡ ಭೂಕಂಪದಲ್ಲಿ ಬಹಳ ಹಾಳಾಗಿ, ಆಮೇಲೆ ಮತ್ತೆ ಕಟ್ಟಿದ್ದಾರೆ. ಶಿವಪ್ಪನಿಗೆ ಬಿಲ್ವಪತ್ರೆ ಏರಿಸಿ ಅವ್ವ ಸಮಾಧಾನವಾಗಿ ಕೂತಳು. ನಾನು ಡಾಲ್ಫಿನ್ ಕಾಣುತ್ತಾ ಅಂತ ನೀರನ್ನೇ ನೋಡುತ್ತಿದ್ದೆ. ಗಂಗಾ ಡಾಲ್ಫಿನ್ ಈ ನದಿಯಲ್ಲಿದೆ. 2016ರಲ್ಲಿ ಗುವಾಹಟಿ ಅದನ್ನೇ ತನ್ನ ನಗರ ಪ್ರಾಣಿ ಎಂದು ಆರಿಸಿಕೊಂಡಿದೆ. ನಮಗೆ ಕಾಣಲಿಲ್ಲ.

ಅಲ್ಲಿಂದ ಬಂದು, ಕಾಕಾನ ಆಸೆಗೆ, ಆಚೆ ದಂಡೆಗೆ ಹೋಗುವ ಫೆರ್ರಿ ಹತ್ತಿದೆವು. ಕೆಳಗಿನ ಡೆಕ್ಕಿನಲ್ಲಿ ಸಾಲಾಗಿ ಮೋಟರ್ ಸೈಕಲ್, ತರಕಾರಿ ಚೀಲ, ಒಂದು ಸೈಕಲ್ಲಿಗೆ ಕಟ್ಟಿದ ಹಾಲಿನ ಕ್ಯಾನುಗಳು. ಮೇಲೆ ನಮ್ಮ ತಲೆಯ ಮೇಲೆ ಕ್ಯಾಬಿನ್ ಹಾಯ್ದು ಹೋಯಿತು. ಕಾಕಾ ಲೆಕ್ಕ ಹಾಕಿದರು. ಒಂದು ಸಲಕ್ಕೆ ಮೂವತ್ತು ಮಂದಿ, ಎಂಟು ನಿಮಿಷ ಓಟ, ಹತ್ತಿಳಿಯಲು ಒಂದಿಷ್ಟು ನಿಮಿಷ. ಗಂಟೆಗೆ ಒಂದೊಂದು ದಿಕ್ಕಿಗೆ ಹೆಚ್ಚೆಂದರೆ ನೂರೈವತ್ತು, ಇನ್ನೂರು ಮಂದಿ. "ಹಗ್ಗ ಮನುಷ್ಯಾರಿಗೆ. ಗಾಡಿ, ಹಾಲು, ಚೀಲಕ್ಕ ದೋಣಿ ಬೇಕ ಬೇಕು. ಲಾರಿಗೆ ಸೇತುವಿ" ಅಂದರು. ದಟ್ಟ ಮಂಜಿದ್ದರೆ, ನೀರು ಏರಿದರೆ ದೋಣಿ ನಿಲ್ಲುತ್ತದೆ. ಗಾಳಿ ಜೋರಾದರೆ ರೋಪ್‌ವೇ ನಿಲ್ಲುತ್ತದೆ. ಒಂದು ನಿಂತ ದಿನ ಇನ್ನೊಂದು ಓಡಬೇಕು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆ. ಜಗತ್ತಿನಲ್ಲಿ ಬೇರೆ ಕಡೆಯೂ ಹೀಗೇ ಮಾಡಿಕೊಂಡಿದ್ದಾರೆ. ನ್ಯೂಯಾರ್ಕ್‌ನ ರೂಸ್‌ವೆಲ್ಟ್ ದ್ವೀಪಕ್ಕೆ 1976ರಿಂದಲೇ ನದಿಯ ಮೇಲೆ ಹಗ್ಗದ ಗಾಡಿ ಇದೆ, ಬಸ್ಸು ಮೆಟ್ರೋ ಜೊತೆಗೇ ಅದೂ ಓಡುತ್ತದೆ. ಬೊಲಿವಿಯಾದ ಲಾ ಪಾಜ್‌ನಲ್ಲಿ 2014ರಿಂದ ಊರಿಗೆ ಊರೇ ಅದರಲ್ಲಿ ಓಡಾಡುತ್ತದೆ. ಕಾಶಿಯಲ್ಲೂ ರೈಲ್ವೆ ನಿಲ್ದಾಣದಿಂದ ಗೊದೌಲಿಯಾಕ್ಕೆ ಆಗ ಕಟ್ಟುತ್ತಿದ್ದರು.

ನಮ್ಮ ಕಡೆಯಿಂದ ಹೋಗುವವರಿಗೆ ಎರಡು ಮಾತು. ಹೋಗುವಾಗ ರೋಪ್‌ವೇ, ಬರುವಾಗ ಫೆರ್ರಿ ಹಿಡಿಯಿರಿ. ಒಂದೇ ನದಿಯನ್ನು ಮೇಲಿಂದಲೂ ನೋಡಬೇಕು, ನೀರಿನ ಮಟ್ಟದಲ್ಲೂ ನೋಡಬೇಕು. ಮಧ್ಯಾಹ್ನ ಎರಡರ ಒಳಗೆ ಆಚೆ ಹೋಗಿ, ಕನಿಷ್ಠ ಎರಡು ತಾಸು ಉತ್ತರ ದಂಡೆಯಲ್ಲಿರಿ. ಹೋಗುವಾಗ ಎಡಗಡೆಯ ಗಾಜಿನ ಹತ್ತಿರ ನಿಂತರೆ ಕಾಮಾಖ್ಯದ ಗುಡ್ಡ ಕಾಣುತ್ತದೆ. ಹೊರಡುವ ದಿನ ರೋಪ್‌ವೇ ಓಡುತ್ತಿದೆಯಾ ಅಂತ ಹೋಟೆಲಿನವರನ್ನು ಕೇಳಿಕೊಳ್ಳಿ. ಮೊಣಕಾಲು ನೋವಿದ್ದವರು ಉಮಾನಂದದ ಮೆಟ್ಟಿಲಿಗಿಂತ ದೋಲ್ ಗೋವಿಂದದ ಓಣಿಗೆ ಹೋಗುವುದು ಒಳ್ಳೆಯದು.

ಸಂಜೆ ವಿಮಾನಕ್ಕೆ ಹೊರಟಾಗ ಕಾರು ಮತ್ತೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು. ಕಾಕಾ ಅಳಿಯನಿಗೆ ಫೋನ್ ಮಾಡಿ, ಜುಲೈಯಲ್ಲಿ ಹೊಳೆ ತುಂಬಿದಾಗ ಮತ್ತೆ ಬರುತ್ತೇನೆ, ಅಷ್ಟರೊಳಗೆ ಆ ಎಳೆಯುವ ಹಗ್ಗವನ್ನು ಎಷ್ಟು ವರ್ಷಕ್ಕೆ ಬದಲಾಯಿಸುತ್ತಾರೆ ಅಂತ ವಿಚಾರಿಸಿ ಇಡು ಅಂದರು.